ಕಾಕಾನ ಪ್ರೆಸ್ಸಿಗೆ ವಿಂಡೋಸ್ 11 ಬೇಕೇ? ನಾಲ್ಕು ರವಿವಾರದ ಕೆಲಸ

ಗದಗದಲ್ಲಿ ನಮ್ಮ ಕಾಕಾನದೊಂದು ಸಣ್ಣ ಪ್ರೆಸ್ ಇದೆ. ಒಂದು ಮಿನಿ ಆಫ್‌ಸೆಟ್, ಬಿಲ್ ಬುಕ್ಕಿನ ನಂಬರ್ ಹೊಡೆಯಲು ಇಟ್ಟುಕೊಂಡ ಹಳೆಯ ಟ್ರೆಡಲ್ ಅಚ್ಚುಯಂತ್ರ, ಕಟಿಂಗ್ ಮಷೀನು, ಮೂರು ಕಂಪ್ಯೂಟರ್. ಗದಗ-ಬೆಟಗೇರಿಯಲ್ಲಿ ಪ್ರೆಸ್ಸುಗಳಿಗೆ ಬರವಿಲ್ಲ. ಒಂದು ದಿನ ಕೆಲಸ ನಿಂತರೆ ಗಿರಾಕಿ ಪಕ್ಕದ ಓಣಿಗೆ ಹೋಗುತ್ತಾರೆ. ಹಾಗಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ ನಿಂತಾಗ ಕಾಕಾ ನನಗೆ ಫೋನ್ ಮಾಡಿದ್ದು ಭಯದಿಂದಲ್ಲ, ಬೇಸರದಿಂದ. ಯಾವುದೋ ಅಂಗಡಿಯವರು ಬಂದು ಮೂರೂ ಕಂಪ್ಯೂಟರ್ ತೆಗೆದು ಹೊಸದು ಹಾಕಬೇಕು ಎಂದು 1 ಲಕ್ಷ 35 ಸಾವಿರದ ಕೊಟೇಶನ್ ಕೊಟ್ಟು ಹೋಗಿದ್ದರು.

"ಚಲೋನ ನಡ್ಯಾಕತ್ತಾವ ತಮ್ಮಾ. ನಡಿಯೋ ಮಷೀನಿಗೆ ಯಾಕ ಕೈ ಹಚ್ಚಬೇಕು?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕಾಕಾ ಹದಿನಾರನೇ ವಯಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತ ಈ ಕಸುಬಿಗೆ ಬಂದವರು. ಯಂತ್ರ ಬದಲಿಸಿದಾಗ ಏನೇನು ಕೈ ತಪ್ಪಿ ಹೋಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು. ಧನುರ್ಮಾಸದಲ್ಲಿ ಲಗ್ನಗಳಿಲ್ಲ, ಪತ್ರಿಕೆಯ ಕೆಲಸವೂ ಇಲ್ಲ. ಮಾಡುವುದಿದ್ದರೆ ಆಗಲೇ ಮಾಡೋಣ ಎಂದು ಗಟ್ಟಿ ಮಾಡಿದೆವು.

ಡಿಸೆಂಬರ್ 20, ಶನಿವಾರ

ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೌಂಟರಿನ ಬಳಿ ಕುಳಿತೆ. ಯಾವ ಕಂಪ್ಯೂಟರಿನಲ್ಲಿ ಯಾರು ಏನು ಮಾಡುತ್ತಾರೆ, ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ, ಇಷ್ಟನ್ನೇ ಬರೆದುಕೊಂಡೆ. ಅಪ್‌ಗ್ರೇಡ್ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ನನಗೆ ಹೆಚ್ಚು ನೆರವಾದದ್ದು ಈ ಒಂದು ದಿನವೇ.

ಕೌಂಟರಿನದು ಎಂಟನೇ ಪೀಳಿಗೆಯ ಐ3, ವಿಂಡೋಸ್ 10. ಇಮೇಲ್, ವಾಟ್ಸಾಪ್ ವೆಬ್, ಬ್ಯಾಂಕ್, ಜಿಎಸ್‌ಟಿ ಎಲ್ಲ ಇದರಲ್ಲೇ. ಆ ಒಂದೇ ದಿನ ಹನ್ನೊಂದು ಗಿರಾಕಿಗಳ ಪೆನ್‌ಡ್ರೈವ್ ಇದಕ್ಕೆ ಚುಚ್ಚಿದರು. ಒಳಗಿನ ಕೋಣೆಯಲ್ಲಿ ಡಿಟಿಪಿ ಅಕ್ಕನದು ನಾಲ್ಕನೇ ಪೀಳಿಗೆಯ ಐ5, ಅದೂ ವಿಂಡೋಸ್ 10: ಪುಟ ಕಟ್ಟಲು ಪೇಜ್‌ಮೇಕರ್ 7, ವಿನ್ಯಾಸಕ್ಕೆ ಕೋರೆಲ್ ಡ್ರಾ, ಕನ್ನಡ ಟೈಪ್ ಮಾಡಲು ನುಡಿ. ಅಕ್ಕ ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂರುತ್ತಾರೆ, ಕ-ಗ-ಪ ಕೀಲಿಮಣೆ ಅವರ ಬೆರಳಲ್ಲಿದೆ. ಮೂರನೆಯದು ಹಿಂದಿನ ಕೋಣೆಯಲ್ಲಿ, ಪ್ಲೇಟ್ ಮಾಡಲು ಬೇಕಾದ ಮೂಲ ಪ್ರತಿ ಅಂದರೆ ಮಾಸ್ಟರ್ ತೆಗೆಯುವಲ್ಲಿ, ವಿಂಡೋಸ್ 7, ಅದೂ 32 ಬಿಟ್. ಅದಕ್ಕೆ ಪ್ಯಾರಲಲ್ ಪೋರ್ಟಿನ ಹಳೆಯ ಲೇಸರ್ ಪ್ರಿಂಟರ್, ನಡುವೆ ಹೆಬ್ಬೆರಳಿನ ಗಾತ್ರದ ಒಂದು ಲಾಕ್. ಆ ಲಾಕ್ ಇದ್ದರೆ ಮಾತ್ರ ಹಳೆಯ ಕನ್ನಡ ಅಕ್ಷರ ಜೋಡಣೆಯ ಸಾಫ್ಟ್‌ವೇರ್ ತೆರೆಯುತ್ತದೆ. 2004ರಿಂದ 2011ರವರೆಗಿನ ಎಲ್ಲ ಕೆಲಸ, ಅಂದರೆ ಪ್ರತಿ ವರ್ಷ "ಹೋದ ವರ್ಷದ್ದ ಇರಲಿ, ತಾರೀಖು ಬದಲ್ ಮಾಡ್ರಿ" ಎಂದು ಬರುವ ಗಿರಾಕಿಗಳ ಫೈಲು, ಅದರಲ್ಲೇ ಇದೆ. ಮೂರೂ ಒಂದೇ ನೆಟ್‌ವರ್ಕಿನಲ್ಲಿವೆ, ಅಕ್ಕನ ಕಂಪ್ಯೂಟರಿನ 'ಕೆಲಸ' ಎಂಬ ಫೋಲ್ಡರ್ ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ತೆರೆದಿದೆ.

ಸಂಜೆ ಚಹಾ ಕುಡಿಯುತ್ತ ಕಾಕಾಗೆ ಹೇಳಿದೆ: "ನೋಡ್ರಿ ಕಾಕಾ, ಮೂರಕ್ಕೂ ಒಂದ ಉತ್ತರ ಇಲ್ಲ. ಕೌಂಟರಿಂದು ಬದಲಾಗಬೇಕು. ಅಕ್ಕನದು ಬದಲಾಗಬೇಕು, ಆದ್ರ ಹುಷಾರಿಲೆ. ಹಿಂದಿಂದು ಬದಲಾಗೂದಿಲ್ಲ, ಅದನ್ನ ನೆಟ್‌ನಿಂದ ಬಿಡಿಸಬೇಕು."

ಯಾಕೆ ಎಂದು ಕೇಳಿದರು. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಹಬ್ಬಿದ ಕತೆ ಹೇಳಿದೆ. ಅದನ್ನು ತಡೆಯುವ ಪ್ಯಾಚನ್ನು, ಅಂದರೆ ದೋಷ ಮುಚ್ಚುವ ಅಪ್‌ಡೇಟನ್ನು, ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಬಿಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು ಹೋದವು. ಅದು ಹರಡಿದ್ದು ಫೈಲ್ ಹಂಚುವ ಹಳೆಯ ವ್ಯವಸ್ಥೆಯ ಮೂಲಕ, ಒಂದು ಯಂತ್ರಕ್ಕೆ ತಗುಲಿದರೆ ಅದೇ ನೆಟ್‌ವರ್ಕಿನ ಉಳಿದವಕ್ಕೂ. ನಮ್ಮ ಪ್ರೆಸ್ಸಿನಲ್ಲಿ ಹನ್ನೊಂದು ಪೆನ್‌ಡ್ರೈವ್ ಮುಟ್ಟುವ ಕಂಪ್ಯೂಟರಿಗೂ, 2020ರ ಜನವರಿ 14ರಿಂದ ಉಚಿತ ಅಪ್‌ಡೇಟ್ ಕಾಣದ ವಿಂಡೋಸ್ 7ಕ್ಕೂ ನಡುವೆ ಇರುವುದು ಒಂದು ನೀಲಿ ಕೇಬಲ್ ಅಷ್ಟೇ. ಕಾಕಾ ಲೋಟ ಕೆಳಗಿಟ್ಟು ಆ ಕೇಬಲ್ ಕಡೆ ನೋಡಿದರು.

ದುಡ್ಡಿನ ಲೆಕ್ಕವನ್ನೂ ಅಂದೇ ಮಾಡಿದೆವು. ವಿಂಡೋಸ್ 10ರಲ್ಲೇ ಉಳಿದು ಅಪ್‌ಡೇಟಿಗೆ ದುಡ್ಡು ಕಟ್ಟುವ ದಾರಿಯೂ ಇದೆ. ಮನೆಬಳಕೆಯವರಿಗೆ ಅಗ್ಗದ, ಕೆಲವೊಮ್ಮೆ ಪುಕ್ಕಟೆಯ ಯೋಜನೆ ಇದೆ, ಅದು 2026ರ ಅಕ್ಟೋಬರ್ 13ರವರೆಗೆ. ವ್ಯಾಪಾರಕ್ಕೆ ಬೇರೆ ದರ: ಒಂದು ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ಮುಂದಿನ ವರ್ಷ ಅದರ ಎರಡರಷ್ಟು, ಮೂರನೇ ವರ್ಷ ಮತ್ತೆ ಎರಡರಷ್ಟು. ಒಟ್ಟು 427 ಡಾಲರ್, ಅಂದರೆ 36 ಸಾವಿರ ರೂಪಾಯಿ ದಾಟುತ್ತದೆ. ಹತ್ತು ವರ್ಷ ದಾಟಿದ ಐ5ಕ್ಕೆ ಅಷ್ಟು ಸುರಿಯುವುದು ನನಗೆ ಸರಿ ಕಾಣಲಿಲ್ಲ. ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಪರೀಕ್ಷೆಯನ್ನು ತಪ್ಪಿಸಿ ಹಳೆಯ ಯಂತ್ರಕ್ಕೇ 11 ಹಾಕುವ ಉಪಾಯ ನನಗೂ ಗೊತ್ತು, ನನ್ನ ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೇನೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟಿಗಾಗಿಯೇ ಬದಲಿಸುತ್ತಿರುವಾಗ ಆ ದಾರಿ ಹಿಡಿದು ಇನ್ನೊಬ್ಬರ ಅನ್ನದ ಜೊತೆ ಆಟವಾಡಲು ಮನಸ್ಸು ಬರಲಿಲ್ಲ.

ಡಿಸೆಂಬರ್ 21, ರವಿವಾರ: ಕೌಂಟರ್

ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿದೆ. ಈ ಕಂಪ್ಯೂಟರಿಗೆ ವಿಂಡೋಸ್ 11 ಆಗದು ಎಂದಿತು. ಇಲ್ಲೇ ಬಹಳ ಜನ ಹೊಸ ಕಂಪ್ಯೂಟರ್ ಕೊಳ್ಳಲು ಹೊರಡುತ್ತಾರೆ. ನಿಜವಾಗಿ ನೋಡಿದರೆ ಎಂಟನೇ ಪೀಳಿಗೆಯ ಪ್ರೊಸೆಸರ್ ಆಗುತ್ತದೆ. ಬೇಕಾದ ಟಿಪಿಎಂ 2.0 ಕೂಡ ಇಂಟೆಲ್ ಪಿಟಿಟಿ ಎಂಬ ಹೆಸರಿನಲ್ಲಿ ಬೋರ್ಡಿನ ಒಳಗೇ ಇತ್ತು. ವಿಂಡೋಸಿಗಿಂತ ಮೊದಲು ಓಡುವ ಬಯೋಸ್‌ನಲ್ಲಿ ಅದನ್ನು ಯಾರೂ ಆನ್ ಮಾಡಿರಲಿಲ್ಲ, ಅಷ್ಟೇ.

ತೊಡಕು ಇದ್ದದ್ದು ಡಿಸ್ಕಿನಲ್ಲಿ. ಅಸೆಂಬಲ್ ಮಾಡಿದವರು ಡಿಸ್ಕನ್ನು ಹೋಳು ಮಾಡುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ವಿಂಡೋಸ್ ಹಾಕಿದ್ದರು, ಬೂಟ್ ಆಗುವುದೂ ಲೆಗಸಿ ಎಂಬ ಹಳೆಯ ಕ್ರಮದಲ್ಲಿ. 11ಕ್ಕೆ ಯುಇಎಫ್ಐ ಎಂಬ ಹೊಸ ಬೂಟ್ ಕ್ರಮ ಬೇಕು, ಅದರಿಂದ ಬೂಟ್ ಆಗಲು ಡಿಸ್ಕು ಜಿಪಿಟಿ ಎಂಬ ಹೊಸ ಪದ್ಧತಿಗೆ ಬರಬೇಕು. ಡೇಟಾ ಅಳಿಸದೆ ಪರಿವರ್ತಿಸಲು ವಿಂಡೋಸಿನಲ್ಲೇ ಎಂಬಿಆರ್-ಟು-ಜಿಪಿಟಿ ಎಂಬ ಕಮಾಂಡ್ ಇದೆ. ಮೊದಲು 'ವ್ಯಾಲಿಡೇಟ್' ಎಂದು ಪರೀಕ್ಷೆ ಮಾಡಿಸಬೇಕು. ಮಾಡಿದೆ. ಫೇಲ್.

ಕಾರಣ ಹುಡುಕಲು ಅರ್ಧ ಗಂಟೆ ಹೋಯಿತು. ನಮ್ಮ ಕಡೆ ಕಂಪ್ಯೂಟರ್ ಕೊಡುವಾಗ ಸಿ, ಡಿ, ಇ ಎಂದು ಡಿಸ್ಕನ್ನು ಹೋಳು ಮಾಡಿಕೊಡುವುದು ರೂಢಿ. ಆ ಡಿ ಮತ್ತು ಇ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಎಂಬ ಒಂದು ದೊಡ್ಡ ಹೋಳಿನ ಒಳಗಿನ ಲಾಜಿಕಲ್ ಡ್ರೈವ್‌ಗಳಾಗಿದ್ದವು. ಡಿಸ್ಕಿನಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಇದ್ದರೆ ಈ ಕಮಾಂಡ್ ಒಪ್ಪುವುದಿಲ್ಲ. ಇದೇ ತೊಡಕು ನಿಮ್ಮಲ್ಲೂ ಬಂದರೆ ಅದೇ ಡಿಸ್ಕಿನ ಮೇಲೆ ಹೆಣಗಬೇಡಿ. ನಾನು 500 ಜಿಬಿಯ ಎಸ್‌ಎಸ್‌ಡಿ ತಂದು ಕ್ಲೋನ್‌ಜಿಲ್ಲಾ ಎಂಬ ಸಾಧನದಿಂದ ಇಡೀ ಡಿಸ್ಕನ್ನು ನಕಲು ಮಾಡಿದೆ, ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ ಡ್ರಾಯರಿನಲ್ಲಿಟ್ಟೆ. ಮುಂದಿನ ಪ್ರಯೋಗವೆಲ್ಲ ನಕಲಿನ ಮೇಲೆ. ಡಿ, ಇ ಡ್ರೈವಿನ ಫೈಲುಗಳನ್ನು ಹೊರಗಿನ ಡಿಸ್ಕಿಗೂ ಹಾಕಿಕೊಂಡು, ಆ ಎರಡು ಡ್ರೈವನ್ನೂ ಅವು ಇದ್ದ ಎಕ್ಸ್‌ಟೆಂಡೆಡ್ ಪಾರ್ಟಿಶನ್ನನ್ನೂ ಅಳಿಸಿದೆ. ಈಗ ವ್ಯಾಲಿಡೇಟ್ ಪಾಸ್ ಆಯಿತು, ಪರಿವರ್ತನೆ ಒಂದು ನಿಮಿಷವೂ ಹಿಡಿಯಲಿಲ್ಲ. ಬಯೋಸಿಗೆ ಹೋಗಿ ಪಿಟಿಟಿ ಆನ್, ಹಳೆಯ ಬೂಟ್ ಕ್ರಮಕ್ಕೆ ಇರುವ ಸಿಎಸ್ಎಂ ಆಫ್, ಯುಇಎಫ್ಐ ಆನ್, ಸೆಕ್ಯೂರ್ ಬೂಟ್ ಆನ್. ಹೆಲ್ತ್ ಚೆಕ್ ಈಗ ಹಸಿರು ತೋರಿಸಿತು.

ಉಳಿದದ್ದು ಇನ್‌ಸ್ಟಾಲ್ ಆಗುವ ಕೆಲಸ. ಊಟ ಮಾಡಿ ಬರುವಷ್ಟರಲ್ಲಿ 11 ಬಂದಿತ್ತು. ಹತ್ತು ದಿನದೊಳಗೆ ಹಿಂದಕ್ಕೆ ಹೋಗಲು ಸೆಟ್ಟಿಂಗ್ಸಿನಲ್ಲೇ ಅವಕಾಶ ಇದೆ. ಅದಕ್ಕಿಂತ ನನಗೆ ಧೈರ್ಯ ಕೊಟ್ಟದ್ದು ಡ್ರಾಯರಿನಲ್ಲಿದ್ದ ಹಳೆಯ ಡಿಸ್ಕು.

ಡಿಸೆಂಬರ್ 28, ರವಿವಾರ: ಅಕ್ಕನ ಕಂಪ್ಯೂಟರ್

ಬೆಂಗಳೂರಿಗೆ ಹೋಗಿದ್ದಾಗ ಎಸ್.ಪಿ. ರಸ್ತೆಯಿಂದ ಎಂಟನೇ ಪೀಳಿಗೆಯ ಐ5, ಕಚೇರಿಯೊಂದರಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಯಂತ್ರ, ವಿಂಡೋಸ್ 11 ಪ್ರೊ ಲೈಸೆನ್ಸ್ ಸಹಿತ 15,500ಕ್ಕೆ ತಂದಿದ್ದೆ. ರ್‍ಯಾಮ್ ಬೆಲೆ ಆ ಹೊತ್ತಿಗೆ ಏರಿಬಿಟ್ಟಿತ್ತು, ಇದ್ದ 8 ಜಿಬಿಯೇ ಸಾಕೆಂದೆ. ಅಂಗಡಿಯವರು ಹಾಕಿಕೊಟ್ಟ ವಿಂಡೋಸನ್ನು ಹಾಗೇ ಬಳಸದೆ ಹೊಸದಾಗಿ ಹಾಕಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದದ್ದರಿಂದ ಡಿಸ್ಕಿಗೆ ಎನ್‌ಕ್ರಿಪ್ಶನ್, ಅಂದರೆ ಗುಪ್ತಲಿಪಿಯ ಬೀಗ, ತಾನಾಗಿಯೇ ಆನ್ ಆಗಿತ್ತು. ಇದು ಗೊತ್ತಿಲ್ಲದೆ ಮುಂದೆ ಬೋರ್ಡ್ ಕೆಟ್ಟರೆ ಡೇಟಾ ಕೈಗೆ ಸಿಗುವುದಿಲ್ಲ. 48 ಅಂಕಿಯ ರಿಕವರಿ ಕೀಯನ್ನು ಪ್ರಿಂಟ್ ತೆಗೆದು, ಅಂಕಿ ಅಂಕಿ ಹಿಡಿದು ತಾಳೆ ನೋಡಿ ಕಾಕಾನ ಕೈಗೆ ಕೊಟ್ಟೆ. ತಿಜೋರಿಯಲ್ಲಿ ಪ್ರೆಸ್ಸಿನ ಲೈಸೆನ್ಸ್ ಕಾಗದದ ಜೊತೆ ಇಟ್ಟರು.

ಇಷ್ಟರವರೆಗಿನದು ಸುಲಭ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತದ, ಕನ್ನಡ ತಿಳಿಯದು. ನುಡಿಯ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುವುದರಿಂದ ಅದರಲ್ಲಿ ಕನ್ನಡ ನಡೆಯುತ್ತದೆ. ಹಾಗಾದರೆ ಬೇರೆ ಸಾಫ್ಟ್‌ವೇರಿಗೆ ಯಾಕೆ ಹೋಗಬಾರದು ಎಂದು ಕೇಳುವವರಿದ್ದಾರೆ. ಹೋಗಬೇಕು, ನನಗೂ ಒಪ್ಪಿಗೆ. ಆದರೆ ಲಗ್ನದ ಸೀಜನ್ನಿಗೆ ಮೂರು ತಿಂಗಳು ಇರುವಾಗ ಯಂತ್ರ, ವಿಂಡೋಸ್, ಪುಟ ಕಟ್ಟುವ ಸಾಧನ ಮೂರನ್ನೂ ಒಟ್ಟಿಗೆ ಬದಲಿಸಿದರೆ ಅಕ್ಕನ ಕೈ ಕಟ್ಟಿಹಾಕಿದಂತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಿರ್ಧರಿಸಿದೆ.

ಪೇಜ್‌ಮೇಕರ್ ಹಾಕಿದೆ. ತೆರೆಯಲು ತಕರಾರು ಮಾಡಿತು. 'ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು' ಎಂದು ಗುರುತು ಹಾಕಿದೆ, ತೆರೆಯಿತು. ನುಡಿ ಹಾಕಿದೆ, ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ನೋಡಿದೆ, ಕನ್ನಡ ಬಂತು. ಅಕ್ಕನನ್ನು ಕರೆದೆ. ಕುಳಿತು ಎರಡು ಸಾಲು ಹೊಡೆದವರು ಕೈ ಎತ್ತಿದರು.

"ಕನ್ನಡ ಬರವಲ್ದು ತಮ್ಮಾ, ಬರೇ ಎಬಿಸಿಡಿ ಬೀಳಾಕತ್ತಾವ."

ಫಾಂಟ್ ಸರಿ ಇತ್ತು, ನುಡಿಯೂ ಆನ್ ಇತ್ತು. ನೋಟ್‌ಪ್ಯಾಡಿಗೆ ಹೋದರೆ ಕನ್ನಡ, ಪೇಜ್‌ಮೇಕರಿಗೆ ಬಂದರೆ ಬರೀ ಇಂಗ್ಲಿಷ್. ಒಂದು ತಾಸು ಕಳೆದ ಮೇಲೆ ಹೊಳೆಯಿತು. ನುಡಿ ಕೆಲಸ ಮಾಡುವುದು ನಾವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಬದಲಿಸಿ ಕಳಿಸುವ ಮೂಲಕ. ವಿಸ್ತಾದಿಂದೀಚೆಗೆ ವಿಂಡೋಸಿನಲ್ಲಿ ಒಂದು ಕಟ್ಟಳೆ ಇದೆ: ಸಾಮಾನ್ಯ ಹಕ್ಕಿನಲ್ಲಿ ಓಡುವ ಪ್ರೋಗ್ರಾಂ, ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುವ ಪ್ರೋಗ್ರಾಮಿನ ಕೀಲಿಗಳನ್ನು ಹಿಡಿಯುವಂತಿಲ್ಲ. ಪೇಜ್‌ಮೇಕರನ್ನು ನಾನೇ ಮೇಲಿನ ಮೆಟ್ಟಿಲಿಗೆ ಹತ್ತಿಸಿದ್ದೆ, ನುಡಿ ಕೆಳಗೇ ನಿಂತಿತ್ತು. ನುಡಿಯನ್ನೂ ಮೇಲೆ ಹತ್ತಿಸಬಹುದಿತ್ತು, ಆದರೆ ಗಿರಾಕಿಗಳ ಫೈಲು ತೆರೆಯುವ ಪ್ರೋಗ್ರಾಮಿಗೆ ಅಷ್ಟು ಹಕ್ಕು ಕೊಡುವುದು ಬೇಡವೆನಿಸಿತು. ಪೇಜ್‌ಮೇಕರನ್ನು ತೆಗೆದು 'ಪ್ರೋಗ್ರಾಂ ಫೈಲ್ಸ್' ಬಿಟ್ಟು ಸಿ ಡ್ರೈವಿನಲ್ಲೇ ಬೇರೆ ಫೋಲ್ಡರಿಗೆ ಹಾಕಿದೆ, ಆ ಫೋಲ್ಡರಿಗೆ ಬರೆಯುವ ಅನುಮತಿ ಕೊಟ್ಟೆ. ಅದಕ್ಕೆ ಬೇಕಾಗಿದ್ದದ್ದು ತನ್ನ ಫೋಲ್ಡರಿನಲ್ಲಿ ಬರೆದುಕೊಳ್ಳುವ ಅನುಮತಿ ಮಾತ್ರ. ಅಡ್ಮಿನಿಸ್ಟ್ರೇಟರ್ ಗುರುತು ತೆಗೆದ ಮೇಲೂ ತೆರೆಯಿತು. ಅಕ್ಕ ಮತ್ತೆ ಕುಳಿತರು. "ಶ್ರೀ ವೀರನಾರಾಯಣ ಪ್ರಸನ್ನ" ಎಂದು ಮೊದಲ ಸಾಲು ಬಿತ್ತು. ಗದುಗಿನ ದೇವರ ಹೆಸರು, ಈ ಊರಿನ ಎಷ್ಟೋ ಲಗ್ನಪತ್ರಿಕೆಗಳ ನೆತ್ತಿಯ ಸಾಲು. ಆ ಹೊತ್ತು ನನಗಾದ ಸಮಾಧಾನ ದೊಡ್ಡದು.

ಇನ್ನೆರಡು ಸಣ್ಣವು. ಒಂದು, ಪೇಜ್‌ಮೇಕರ್ ಪುಟವನ್ನು ಪ್ರಿಂಟರಿಗೆ ತಕ್ಕಂತೆ ಜೋಡಿಸುತ್ತದೆ. ಡೀಫಾಲ್ಟ್ ಪ್ರಿಂಟರ್ ಬೇರೆಯಾಗಿದ್ದಕ್ಕೆ ಹಳೆಯ ವರದಿಯೊಂದರಲ್ಲಿ ಸಾಲುಗಳು ಜಾರಿದ್ದವು, ಮೊದಲಿನ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರನ್ನೇ ಹಾಕಿದ ಮೇಲೆ ಜಾಗಕ್ಕೆ ಬಂದವು. ಇನ್ನೊಂದು, ಗಿರಾಕಿಗಳು ಕಳಿಸುವ ವರ್ಡ್ ಫೈಲುಗಳಲ್ಲಿ ತುಂಗಾ ಫಾಂಟ್ ಇದ್ದರೆ ಅಕ್ಷರದ ರೂಪವೇ ಬೇರೆ ಕಾಣುತ್ತಿತ್ತು. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸಿನ ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ಸರಿಹೋಗುತ್ತದೆ.

ಜನವರಿ 4, ರವಿವಾರ: ನೀಲಿ ಕೇಬಲ್

'ಕೆಲಸ' ಫೋಲ್ಡರನ್ನು ಹೊಸ ಯಂತ್ರಕ್ಕೆ ತಂದೆ. ಕೌಂಟರಿನಿಂದ ತೆರೆಯಲು ಹೋದರೆ ಬಾಗಿಲು ಮುಚ್ಚಿತ್ತು. ವಿಂಡೋಸ್ 11 ಪ್ರೊದಲ್ಲಿ 24ಎಚ್2 ಆವೃತ್ತಿಯಿಂದ ಹಂಚಿದ ಫೈಲುಗಳ ವ್ಯವಹಾರಕ್ಕೆ ಡಿಜಿಟಲ್ ಸಹಿ ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಅತಿಥಿಗೆ ಸಹಿ ಸಾಧ್ಯವಿಲ್ಲ. ಈ ಕಟ್ಟಳೆಯನ್ನೇ ಆಫ್ ಮಾಡುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪಾಸ್‌ವರ್ಡ್ ಇರುವ ಒಂದು ಬಳಕೆದಾರ ಖಾತೆ ಮಾಡಿ ಕೌಂಟರಿನಲ್ಲಿ ಒಮ್ಮೆ ಉಳಿಸಿಕೊಂಡರೆ ಮುಗಿಯಿತು. ಐದು ನಿಮಿಷದ ಕೆಲಸ.

ನಂತರ ಹಿಂದಿನ ಕೋಣೆ. ಲಾಕಿನ ಡ್ರೈವರ್ 32 ಬಿಟ್ಟಿನದು. 64 ಬಿಟ್ ವಿಂಡೋಸ್ ಅದನ್ನು ಹತ್ತಿರ ಸೇರಿಸುವುದಿಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದರೆ ಹೊಸ ಆವೃತ್ತಿ ಕೊಳ್ಳಿ ಎಂದರು, ಹಳೆಯ ಫೈಲು ಅದರಲ್ಲಿ ತೆರೆಯುವ ಭರವಸೆ ಕೊಡಲಿಲ್ಲ. ಡಿಸ್ಕ್-ಟು-ವಿಎಚ್‌ಡಿ ಎಂಬ ಸಾಧನದಿಂದ ಇಡೀ ಯಂತ್ರವನ್ನು ಒಂದು ಫೈಲಿಗೆ ಇಳಿಸಿ ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರಿನಲ್ಲಿ, ಓಡಿಸಿಯೂ ನೋಡಿದೆ. ವಿಂಡೋಸ್ 7 ಸೊಗಸಾಗಿ ತೆರೆಯಿತು, ಸಾಫ್ಟ್‌ವೇರ್ ಮಾತ್ರ ಲಾಕ್ ಎಲ್ಲಿ ಎಂದು ಕೇಳಿ ನಿಂತಿತು.

ಹಾಗಾಗಿ ಈ ಯಂತ್ರ ಇದ್ದಂತೆಯೇ ಬಾಳಬೇಕು. ನೀಲಿ ಕೇಬಲನ್ನು ಬಿಚ್ಚಿ ಸುತ್ತಿಟ್ಟೆ. ಒಳಗೆ ಒಂದು ಬೊಗಸೆ ಕಾಗದದ ಧೂಳು. ಬ್ರಷ್ ಹಿಡಿದು ತೆಗೆದೆ, ಬೋರ್ಡಿನ ಸಿಆರ್ 2032 ಬ್ಯಾಟರಿ ಬದಲಿಸಿದೆ, ಹಾರ್ಡ್ ಡಿಸ್ಕನ್ನು 2,000 ರೂಪಾಯಿಯ ಎಸ್‌ಎಸ್‌ಡಿಗೆ ನಕಲು ಮಾಡಿದೆ. ಗುಜರಿಯಲ್ಲಿ ಅದೇ ಮಾದರಿಯ ಬೋರ್ಡ್ 600ಕ್ಕೆ ಸಿಕ್ಕಿತು, ತಂದು ಕಪಾಟಿನಲ್ಲಿಟ್ಟಿದ್ದೇನೆ. ಇದಕ್ಕೆಂದೇ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವ್. ಗಿರಾಕಿಗಳ ಪೆನ್‌ಡ್ರೈವ್ ಈ ಕೋಣೆಗೆ ಬರುವಂತಿಲ್ಲ. ಕೆಂಪು ದಾರದ್ದು ಅಕ್ಕನ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಆಗದೆ ಇಲ್ಲಿಗೆ ಬರುವಂತಿಲ್ಲ.

ಜನವರಿ 11, ರವಿವಾರ: ಹಳೆಯ ಫೈಲು

ಅಕ್ಕನ ಹಳೆಯ ಐ5ಕ್ಕೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿದೆ. ಪ್ರತಿ ರಾತ್ರಿ 9ಕ್ಕೆ ಅದು ತಾನೇ ಹೋಗಿ 'ಕೆಲಸ' ಫೋಲ್ಡರಿನ ನಕಲು ಎಳೆದುಕೊಳ್ಳುತ್ತದೆ, ದಿನಕ್ಕೊಂದು ತಾರೀಖಿನ ಫೋಲ್ಡರ್. ವಿಂಡೋಸ್ ಯಂತ್ರಗಳಿಗೆ ಅದರ ಮೇಲೆ ಬರೆಯುವ ಹಕ್ಕಿಲ್ಲ. ಕೌಂಟರಿಗೆ ಏನಾದರೂ ತಗುಲಿ ಫೈಲುಗಳಿಗೆಲ್ಲ ಬೀಗ ಬಿದ್ದರೂ ಅದು ಈ ನಕಲನ್ನು ಮುಟ್ಟಲಾರದು.

ಮಧ್ಯಾಹ್ನ ಲಾಕಿನ ಸಾಫ್ಟ್‌ವೇರಿನಿಂದ ಒಂದು ಬಿಲ್ ಬುಕ್ ತೆಗೆದು ಯೂನಿಕೋಡಿಗೆ ತರುವ ಪ್ರಯತ್ನ. ಅಕ್ಷರಕ್ಕೆ ಅಕ್ಷರ ಬದಲಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. 'ಕಾರ್ಯಾಲಯ' ಹೋಗಿ 'ಕಾಯಾರ್ಲಯ' ಆಯಿತು, 'ಸೂರ್ಯ' ಹೋಗಿ 'ಸೂಯರ್' ಆಯಿತು. ಅಕ್ಕ ನೋಡಿದವರೇ "ಅರ್ಕಾವೊತ್ತು ಜಿಗದೈತಿ" ಎಂದರು. ಅಷ್ಟೇ ಸಾಕಾಯಿತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತಾರೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಲ್ಲಿ ರಕಾರ ಮೊದಲು ಬರಬೇಕು. ಅರ್ಕಾವೊತ್ತು ಕಂಡಾಗ ಅದರ ಹಿಂದಿನ ಇಡೀ ಅಕ್ಷರವನ್ನು, ಒತ್ತು ಮತ್ತು ಸ್ವರಚಿಹ್ನೆ ಸಹಿತ, ದಾಟಿ, ರಕಾರವನ್ನು ಆ ಅಕ್ಷರಕ್ಕಿಂತ ಮೊದಲು ತಂದಿಡುವ ನಿಯಮ ಸೇರಿಸಿದೆ. 'ಕಾರ್ಯಾಲಯ' ಸರಿಯಾಗಿ ನಿಂತಿತು.

ಎಲ್ಲವನ್ನೂ ಒಮ್ಮೆಗೇ ಬದಲಿಸುತ್ತಿಲ್ಲ. ಹಳೆಯ ಗಿರಾಕಿ ಬಂದಾಗ ಅವರ ಫೈಲನ್ನು ಮಾತ್ರ ತೆಗೆದು, ಪರಿವರ್ತಿಸಿ, ಅಕ್ಕ ಪ್ರೂಫ್ ನೋಡಿ ಹೊಸ ಯಂತ್ರಕ್ಕೆ ಸೇರಿಸುವುದು ಎಂದು ಮಾಡಿಕೊಂಡಿದ್ದೇವೆ. ಹೆಸರು ಮತ್ತು ಅಂಕಿಗಳನ್ನು ಎರಡು ಸಲ ಓದುತ್ತಾರೆ. ಬಿಲ್ ಬುಕ್ಕಿನಲ್ಲಿ ಜಿಎಸ್‌ಟಿ ನಂಬರಿನ ಒಂದು ಅಂಕಿ ತಪ್ಪಿದರೆ ಇಡೀ ಕಟ್ಟು ರದ್ದಿ.

ಖರ್ಚು: ಕೌಂಟರಿನ ಎಸ್‌ಎಸ್‌ಡಿ 3,900, ಅಕ್ಕನ ಯಂತ್ರ 15,500, ಹಿಂದಿನ ಕೋಣೆಗೆ ಎಸ್‌ಎಸ್‌ಡಿ 2,000, ಬೋರ್ಡ್ 600, ಬ್ಯಾಟರಿ 60. ಒಟ್ಟು 22,060 ರೂಪಾಯಿ. ಸಂಕ್ರಾಂತಿ ಮುಗಿದ ವಾರದಲ್ಲೇ ಮೊದಲ ಲಗ್ನಪತ್ರಿಕೆ ಬಂತು. ಅಕ್ಕ ಹೊಸ ಯಂತ್ರದಲ್ಲಿ ಪುಟ ಕಟ್ಟಿ ಕೆಂಪು ದಾರದ ಪೆನ್‌ಡ್ರೈವಿಗೆ ಹಾಕಿ, ಸ್ಕ್ಯಾನ್ ಮಾಡಿ, ಹಿಂದಿನ ಕೋಣೆಗೆ ಒಯ್ದರು. ಕಾಕಾ ಟ್ರೇಸಿಂಗ್ ಕಾಗದದ ಮೇಲಿನ ಮಾಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಒತ್ತಕ್ಷರ ಒಂದೊಂದನ್ನೂ ನೋಡಿ, ಪ್ಲೇಟ್ ಮಾಡಲು ಕೊಟ್ಟರು.